ಜಗಲಿಯ ಮೇಲಿದ್ದ ಇಟಲಿಯ ಪದಕ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಬೀದಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಕೈ ಹಗುರ, ಅದನ್ನು ಇಲ್ಲವೆನ್ನಲಾರೆ. ಹಲ್ಲು ಕಿತ್ತದ್ದೇ ಗೊತ್ತಾಗುವುದಿಲ್ಲ. ಅಲ್ಲಿಯ ಶಿಕ್ಷೆ ಇರುವುದು ಕುರ್ಚಿಯಲ್ಲಲ್ಲ, ಹೊರಗೆ ಕಾಯುವ ಕೋಣೆಯಲ್ಲಿ. ಆ ಕೋಣೆಯ ಗೋಡೆಗಳಿಗೆಲ್ಲ ಗಾಜಿನ ಪೆಟ್ಟಿಗೆಗಳು, ಒಳಗೆ ಕೆಂಪು ಮಖಮಲ್ಲಿನ ಮೇಲೆ ಇಟಲಿಯ ಸೈನಿಕರ ಪದಕಗಳು. ಶೌರ್ಯಕ್ಕೆ ಕೊಟ್ಟದ್ದು, ಆಫ್ರಿಕಾದ ಬಡವರ ಮೇಲೆ ದಂಡೆತ್ತಿ ಹೋದದ್ದಕ್ಕೆ ಕೊಟ್ಟದ್ದು, ಯುದ್ಧದಲ್ಲಿ ಒಟ್ಟಾರೆ ಹಾಜರಿದ್ದದ್ದಕ್ಕೆ ಕೊಟ್ಟ ಶಿಲುಬೆ. ಬಾವು ಬಂದ ಗಲ್ಲ ಹಿಡಿದು ಕೂತವರ ಮುಂದೆ ಡಾಕ್ಟರು ಬಂದು ನಿಂತು, “ಇದನ್ನ ನೋಡಿದ್ರೇನ್ರಿ? ರಿಬ್ಬನ್ ಸೈತ ಒರಿಜಿನಲ್ ಐತಿ” ಎನ್ನುತ್ತಾರೆ. ಬಾಯಿ ತೆರೆಯಲಾರದವರು ಏನು ಹೇಳಿಯಾರು? ಗೋಣು ಹಾಕುತ್ತಾರೆ. ಡಾಕ್ಟರು ಅದನ್ನೇ ಮೆಚ್ಚುಗೆ ಎಂದು ತಿಳಿದುಕೊಂಡಿದ್ದಾರೆ.

ನಮ್ಮ ಬೆಳಗಾವಿಯ ಓಣಿ ಓಣಿಯಲ್ಲೂ ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದಾರೆ. ಹಾಲು ತರಲು ಹೋದರೆ ಒಬ್ಬರು ಸಿಗುತ್ತಾರೆ, ಬ್ಯಾಂಕಿನ ಬಾಗಿಲಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಅವರಲ್ಲಿ ಒಬ್ಬರನ್ನಾದರೂ ಈ ಡಾಕ್ಟರು ಕೂಡಿಸಿ ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಕೇಳಿದೆ: “ಡಾಕ್ಟರ್ರ, ನಮ್ಮವರ ಪದಕ ಒಂದೂ ಇಟ್ಟಿಲ್ಲಲ್ರಿ?”

“ನಮ್ಮವು ಬಿಡ್ರಿ ಸಾಹುಕಾರ್ರ, ಸಪ್ಪಗ ಇರ್ತಾವ. ಇಟಲಿಯವರ ಕೆತ್ತನಿ ನೋಡ್ರಿ, ಡಿಸೈನ್ ನೋಡ್ರಿ.”

ನಾನು ಜೀವಮಾನವಿಡೀ ಬಟ್ಟೆ ಅಂಗಡಿ ನಡೆಸಿದವನು. ಡಿಸೈನ್ ನೋಡುವ ಗಿರಾಕಿಗಳು ನನಗೆ ಹೊಸಬರಲ್ಲ. ಆದರೆ ಸತ್ತವರ ಎದೆಯ ಮೇಲಿದ್ದದ್ದನ್ನು ಸೀರೆಯ ಸೆರಗು ನೋಡಿದ ಹಾಗೆ ಬೆರಳಲ್ಲಿ ಹೊರಳಿಸಿ ನೋಡುವ ಮನುಷ್ಯನನ್ನು ಕಂಡದ್ದು ಇದೇ ಮೊದಲು.

ಇವರಂಥವರದೇ ಒಂದು ಕೂಟವಿದೆ. ಒಬ್ಬ ಕಂತ್ರಾಟದಾರ, ಒಬ್ಬ ವಕೀಲ, ಊರ ತುಂಬ ಬಾಡಿಗೆ ಮನೆಗಳಿರುವ ಒಬ್ಬ, ಮತ್ತು ನಮ್ಮ ಡಾಕ್ಟರು. ರವಿವಾರ ಒಬ್ಬರ ಮನೆಯಲ್ಲಿ ಸೇರಿ, ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡು, ಒಬ್ಬರ ಪದಕ ಇನ್ನೊಬ್ಬರು ಹಿಡಿದು ನೋಡಿ ನಿಟ್ಟುಸಿರು ಬಿಡುತ್ತಾರೆ. ಆ ದಿನ ಡಾಕ್ಟರು ಕೋಟಿಗೆ ಒಂದು ಶೌರ್ಯಪದಕವನ್ನೂ ಚುಚ್ಚಿಕೊಂಡಿರುತ್ತಾರೆ. ಹೀಗೆ ಚುಚ್ಚಿಕೊಂಡು ಹೊರಟ ಒಂದು ಮುಂಜಾನೆ ಎರಡನೇ ರೈಲ್ವೆ ಗೇಟಿನ ಹತ್ತಿರ ಬೀದಿನಾಯಿಯೊಂದು ಬೊಗಳಿದ್ದಕ್ಕೆ, ಬಾಳೆಹಣ್ಣು ಮಾರುವ ಮುದುಕಿಯ ಬೆನ್ನ ಹಿಂದೆ ನಿಂತು “ಹಚಾ ಅನ್ರಿ, ಹಚಾ ಅನ್ರಿ” ಎಂದು ಕೂಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮುದುಕಿ ಕೂತಲ್ಲಿಂದಲೇ ಹಚಾ ಅಂದಳು, ನಾಯಿ ಹೋಯಿತು. ನನ್ನ ಅಜ್ಜಿ ಇದ್ದಿದ್ದರೆ ಆ ಕೋಟು ನೋಡಿ ಮುಖದ ಮೇಲೇ ಕೇಳುತ್ತಿದ್ದಳು: “ಮಂದಿ ಮದುವ್ಯಾಗಿನ ಬಾಸಿಂಗ ಕಟ್ಟಿಕೊಂಡ ಎತ್ತಾಗ ಹೊಂಟಿ ತಮ್ಮಾ?” ನನಗೆ ಅವಳಷ್ಟು ಧೈರ್ಯವಿಲ್ಲ. ಮೇಲಾಗಿ ನನ್ನ ಕೆಳಗಿನ ಸಾಲಿನ ಹಲ್ಲುಗಳು ಅವರ ಕೈಯವು.

ಡಾಕ್ಟರಿಗೊಂದು ಕೊರಗಿತ್ತು. ಅವರ ಪದಕಗಳೆಲ್ಲ ಪೋಸ್ಟಿನಲ್ಲಿ ಬಂದವು. ಫೋನಿನಲ್ಲಿ ಚಿತ್ರ ನೋಡುವುದು, ದುಡ್ಡು ಕಳಿಸುವುದು, ಪಾರ್ಸಲ್ ಬಿಚ್ಚುವುದು. ಎರಡನೇ ಮಹಾಯುದ್ಧದಲ್ಲಿ ನಮ್ಮ ಸೀಮೆಯ ಹುಡುಗರು ಇಟಲಿಯ ತನಕ ಹೋಗಿ ಕಾದಿ ಬಂದವರು. ಅಂಥವರೊಬ್ಬರ ಗಂಟಿನಲ್ಲಿ ಬಂದ ಪದಕ ವಕೀಲರ ಹತ್ತಿರ ಒಂದಿತ್ತು. ರವಿವಾರದ ಕೂಟದಲ್ಲಿ ವಕೀಲರು ಅದರ ಕಥೆ ಹೇಳುವಾಗ ನಮ್ಮ ಡಾಕ್ಟರು ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿ ಕೂರಬೇಕಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಪದಕವಲ್ಲ, ಹೇಳಿಕೊಳ್ಳಲು ಒಂದು ಕಥೆ.

ಹೀಗಿರುವಾಗ ಬೆಳ್ಳಿ ಬಂಗಾರದ ಕೆಲಸ ಮಾಡುವ ಖಾನಾಪುರದ ಪತ್ತಾರನೊಬ್ಬ ದವಡೆ ಹಲ್ಲಿನ ನೋವಿಗೆ ಇವರಲ್ಲಿಗೆ ಬಂದ. ಹಲ್ಲು ಕಿತ್ತಾದ ಮೇಲೆ ಬಾಯಲ್ಲಿ ಹತ್ತಿ ಇಟ್ಟುಕೊಂಡು ಹೊರಗೆ ಕೂತಿದ್ದವನು ಗಾಜಿನ ಪೆಟ್ಟಿಗೆಯ ಕಡೆ ಬೆರಳು ಮಾಡಿ ಏನೋ ಗೊಣಗಿದನಂತೆ. ಡಾಕ್ಟರು ಆ ಹತ್ತಿಯನ್ನು ತಾವೇ ಹೊರಗೆ ಎಳೆದು, “ಏನಂದಿ? ಇನ್ನೊಮ್ಮೆ ಹೇಳು” ಎಂದರಂತೆ. ಪಾಪ ಪತ್ತಾರ, ರಕ್ತ ಉಗುಳುತ್ತಲೇ ಹೇಳಿದ: ಇಂಥದೇ ಒಂದು ಬಿಲ್ಲೆ ನನ್ನ ಅಂಗಡಿಗೆ ಟಾಕುಗಳ ಸಂಗಡ ಬಂದಿದೆ.

ಟಾಕು ಎಂದರೆ ಏನೆಂದು ಹೇಳಬೇಕು. ನಮ್ಮ ಕಡೆಯ ಮರಾಠಾ ಮನೆತನಗಳಲ್ಲಿ ದೇವರ ಕೋಣೆಯ ಜಗಲಿಕಟ್ಟೆಯ ಮೇಲೆ ಚಿಕ್ಕ ಚಿಕ್ಕ ಬೆಳ್ಳಿ ತಗಡುಗಳನ್ನಿಟ್ಟು ಪೂಜಿಸುತ್ತಾರೆ. ಒಂದೊಂದರ ಮೇಲೆ ಕುಲದೇವರ ರೂಪ ಉಬ್ಬಿಸಿರುತ್ತದೆ. ದೇವರ ಸಾಲಿನಲ್ಲೇ ಮನೆಯ ವೀರನಿಗೂ ಒಂದು ಟಾಕು. ವೀರನೆಂದರೆ ಮದುವೆಯಾಗದೆ, ಅಕಾಲದಲ್ಲಿ ಸತ್ತ ಗಂಡುಮಗ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹಬ್ಬಕ್ಕೆ ನೆನೆಯುವವರಿಲ್ಲ. ಅದಕ್ಕೇ ಜಗಲಿಯ ಮೇಲೆ ಜಾಗ ಕೊಟ್ಟು ಮನೆಯವರೆಲ್ಲ ಅವನ ಮಕ್ಕಳಾಗುತ್ತಾರೆ. ತೊಳೆದು ತೊಳೆದು ಟಾಕು ಸವೆದರೆ ಹೊಸದು ಮಾಡಿಸಿ, ಹಳೆಯದನ್ನು ಹೊಳೆಗೆ ಬಿಡಬೇಕು. ಮನೆಯಲ್ಲಿ ಮದುವೆ ಬಂತೆಂದರೆ ಅದೇ ಅದಕ್ಕೆ ಹೊತ್ತು.

ಪತ್ತಾರ ಹೇಳಿದ ಮನೆಯ ಗುರುತು ಡಾಕ್ಟರ ಬಾಯಿಂದ ಕೇಳಿದ ಕೂಡಲೆ ಅದು ಯಾವುದೆಂದು ನನಗೆ ಗೊತ್ತಾಯಿತು. ಖಾನಾಪುರದಲ್ಲಿ ನಾನು ಹುಟ್ಟಿ ಬೆಳೆದ ಓಣಿ ಅದು. ಆ ಮನೆಯ ಯಜಮಾನ ನನ್ನ ಸಾಲೆಯ ಗೆಳೆಯ, ತೀರಿಕೊಂಡು ಬಹಳ ವರ್ಷವಾಯಿತು. ಅವನ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ, ಆಕೆ ನನ್ನನ್ನು ಭಾವೋಜಿ ಎನ್ನುತ್ತಾಳೆ. ಮಗನ ಮದುವೆ ಗೊತ್ತಾಗಿ ನಮ್ಮ ಅಂಗಡಿಯಲ್ಲೇ ಬಟ್ಟೆ ಕೊಂಡಿದ್ದಳು.

“ನೀವು ಬರಾಕs ಬೇಕ್ರಿ ಸಾಹುಕಾರ್ರ. ನೀವಿದ್ರ ಬಾಗಿಲಾ ತಗೀತಾರ” ಎಂದರು ಡಾಕ್ಟರು. ಬಿಡುವ ಪೈಕಿ ಅಲ್ಲ. ನಾನು ಹೋಗದಿದ್ದರೂ ಅವರು ಹೋಗುವವರೇ. ಆ ಮನೆಯಲ್ಲಿ ಇವರು ಒಬ್ಬರೇ ಬಾಯಿ ಬಿಡುವುದಕ್ಕಿಂತ ನಾನು ಹತ್ತಿರ ಇರುವುದು ಮೇಲು ಎಂದು ಕಾರು ಹತ್ತಿದೆ. ಹಿಂದಿನ ಸೀಟಿನ ಮೇಲೆ ಒಂದು ಡಬ್ಬಿ ಕುಂದಾ ಇತ್ತು. ಹೆಣ್ಣು ನೋಡಲು ಹೊರಟವರ ಹಾಗೆ.

ದಾರಿಯುದ್ದಕ್ಕೂ ಪಾಠ. ಪದಕವನ್ನು ಎಂದಿಗೂ ತಿಕ್ಕಿ ತೊಳೆಯಬಾರದಂತೆ. ಕಾಲ ಬಳಿದ ಕಪ್ಪೇ ಅದರ ಜೀವವಂತೆ. “ತೊಳದದ್ದು ಸತ್ತಂಗ್ರಿ” ಎಂದರು. ವೈನಿಯ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ಜಗಲಿಯ ಸಾಮಾನನ್ನೆಲ್ಲ ತಿಕ್ಕುವುದು ನಾನು ಚಿಕ್ಕಂದಿನಿಂದ ನೋಡಿದ್ದೆ. ಹೇಳಲಿಲ್ಲ. ದೇಸೂರು ದಾಟುವ ತನಕ ಒಳಗೊಳಗೇ ಆ ಸುಖ ಅನುಭವಿಸಿದೆ.

ಖಾನಾಪುರ ಮುಟ್ಟಿದಾಗ ವೈನಿ ಪತ್ತಾರನ ಅಂಗಡಿಯಲ್ಲೇ ಕೂತಿದ್ದಳು. ಪಕ್ಕದಲ್ಲಿ ಆಕೆಯ ಮೈದುನ. ಇಟ್ಟಿಗೆ ಭಟ್ಟಿಯ ಮಾಲಕ, ಗಿಣಿಮೂಗು, ಎಲ್ಲಿ ಕೂತರೂ ಅಧ್ಯಕ್ಷತೆ ವಹಿಸಿದವರ ಹಾಗೆ ಕೂರುವ ಮನುಷ್ಯ. ಅವನನ್ನು ಬಿಟ್ಟು ಕೆಲಸ ನಡೆಯುವಂತಿರಲಿಲ್ಲ. ವೈನಿ ಗಂಡನನ್ನು ಕಳೆದುಕೊಂಡವಳಾದ್ದರಿಂದ ಮದುವೆಗೆ ಮುಂಚಿನ ಜಗಲಿಯ ಪೂಜೆಗೆ ಅವನೂ ಅವನ ಹೆಂಡತಿಯೂ ಕೂರಬೇಕಿತ್ತು.

ಹಿತ್ತಾಳೆಯ ತಾಟಿನಲ್ಲಿ ಹಳೆಯ ಟಾಕುಗಳಿದ್ದವು. ಬೆಳ್ಳಿ ತಗಡುಗಳ ನಡುವೆ ದುಂಡಗೆ, ದಪ್ಪಗೆ ಒಂದು ಕಂಚಿನ ಬಿಲ್ಲೆ. ಅದರ ಮೇಲೆ ಶಿರಸ್ತ್ರಾಣ ತೊಟ್ಟ ಒಂದು ತಲೆ, ಬಾಜುವಿನಿಂದ ಕಾಣುವಂತೆ. ಮೂಗು ಸವೆದು ಗಲ್ಲಕ್ಕೆ ಕೂಡಿತ್ತು. ಮೀಸೆ ಮಾತ್ರ ಉಳಿದಿತ್ತು. ಡಾಕ್ಟರು ಯಾರನ್ನೂ ಕೇಳದೆ ಎತ್ತಿಕೊಂಡು, ಕಿಸೆಯಿಂದ ಭೂತಗನ್ನಡಿ ತೆಗೆದು ನೋಡಿದರು.

“ಅಯ್ಯಯ್ಯೋ, ತಿಕ್ಕಿ ತಿಕ್ಕಿ ಕೊಂದಾರಲ್ರಿ ಇದನ್ನ!”

ವೈನಿ ನನ್ನ ಕಡೆ ತಿರುಗಿದಳು. “ಯಾರನ್ನ ಕೊಂದಾರ ಅಂತಾರ ಭಾವೋಜಿ ಇವರು?”

ಇವರು ಹಲ್ಲಿನ ಡಾಕ್ಟರು, ಹಳೆಯ ಸಾಮಾನಿನ ಹುಚ್ಚಿನವರು ಎಂದು ನಾನು ಹೇಳಿದೆ. ವೈನಿ ಮರ್ಯಾದೆಯಿಂದ, “ಕುಂದರ್ರಿ ಡಾಕ್ಟರ್ರ” ಎಂದು ಆ ಬಿಲ್ಲೆಯ ವೃತ್ತಾಂತ ಹೇಳಿದಳು. ಆಕೆಯ ಮಾವನ ಅಣ್ಣ, ಮೀಸೆ ಚಿಗುರುವ ವಯಸ್ಸಿಗೆ ಸೈನ್ಯಕ್ಕೆ ಸೇರಿ ಇಟಲಿಗೆ ಹೋದವನು ಹಿಂದಿರುಗಲಿಲ್ಲ. ಜಾಂಬೋಟಿ ಕಡೆಯ ಒಬ್ಬ ಜೊತೆಗಾರ ಅವನ ಗಂಟು ತಂದುಕೊಟ್ಟ. ಒಂದು ಕಂಬಳಿ, ಕ್ಷೌರದ ಕನ್ನಡಿ, ಈ ಬಿಲ್ಲೆ. ಹೆತ್ತ ತಾಯಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, “ನನ್ನ ಮಗ” ಎಂದಳು. ಪ್ರಾಣ ಕೊಟ್ಟ ಹುಡುಗನ ಮುಖವನ್ನು ಸರಕಾರ ಕಂಚಿನಲ್ಲಿ ಹೊಡೆಸಿ ಮನೆಗೆ ಕಳಿಸಿದೆ ಎಂದು ಮನೆಯವರೆಲ್ಲ ತಿಳಿದರು. ಬೇರೆ ಟಾಕು ಮಾಡಿಸುವ ಅಗತ್ಯವೇ ಬೀಳಲಿಲ್ಲ. ಅದನ್ನೇ ಜಗಲಿಯ ಮೇಲಿಟ್ಟರು. ಅವನದೊಂದು ಫೋಟೋ ಮನೆಯಲ್ಲಿಲ್ಲ, ಅವನನ್ನು ಹೂಳಿದರೋ ಸುಟ್ಟರೋ ಅದೂ ಗೊತ್ತಿಲ್ಲ. ಇರುವುದು ಇದೊಂದೇ. ಈಗ ಇದರ ಮುಖವನ್ನೇ ನೋಡಿ ಪತ್ತಾರ ಬೆಳ್ಳಿಯಲ್ಲಿ ಹೊಸ ಟಾಕು ಉಬ್ಬಿಸುವವನಿದ್ದ. ಹಳೆಯದು ಮಲಪ್ರಭೆಗೆ.

ಹೊಳೆಗೆ ಎಂದದ್ದೇ ತಡ, ಡಾಕ್ಟರಿಗೆ ಬೆವರು ಬಂತು. ಅವರ ಕಥೆ ನೀರಿಗೆ ಬೀಳಲಿತ್ತು. ಅದನ್ನು ಉಳಿಸಿಕೊಳ್ಳಲು ಅವರಿಗೆ ಹೊಳೆದ ಉಪಾಯ ನೋಡಿ.

“ತಾಯಿ, ಇದು ನಿಮ್ಮ ಹಿರ್ಯಾರ ಮುಖ ಅಲ್ಲ. ಇಟಲಿ ದೇಶದ ರಾಜಂದು. ನಿಮ್ಮವರು ಹೋದ ಯುದ್ಧಕ್ಕೂ ಹಿಂದಿನ ಯುದ್ಧ ಮುಗದ ಮ್ಯಾಲ ಅವರ ಸಿಪಾಯಿಗೋಳಿಗೆ ಹಂಚಿದ್ದು, ರಾಶಿಗಟ್ಟಲೆ ಅದಾವ. ನಿಮ್ಮವರು ಯಾವನೋ ಇಟಲಿ ಕೈದಿ ಕಿಸೆದಾಗಿಂದ ತಗೊಂಡಿರಬೇಕು. ಇದು ಟಾಕ ಅಲ್ಲ ಅಂದ ಮ್ಯಾಲ ಹೊಳಿಗೆ ಯಾಕ ಬಿಡಬೇಕ್ರಿ? ನನಗ ಕೊಡ್ರಿ.”

ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟು ಕೀಳುವ ಮನುಷ್ಯ. ಇಲ್ಲಿ ಅದನ್ನೂ ಕೊಡಲಿಲ್ಲ.

ಮೈದುನ ಎದ್ದು ನಿಂತ. “ಏನು? ಕೈದಿ ಕಿಸೆದಾಗಿಂದ ಕಸಗೊಂಡದ್ದನ್ನ ಜಗಲಿ ಮ್ಯಾಲಿಟ್ಟು ಇಷ್ಟ ವರ್ಷ ಎಡಿ ಹಿಡದೇವಿ ನಾವು? ಅದಕ್ಕs ನನ್ನ ಭಟ್ಟಿ ಮಳಿಗಿ ಸಿಗತೈತಿ! ಹಳೇದೂ ಬ್ಯಾಡ, ಹೊಸಾದೂ ಬ್ಯಾಡ. ಆ ಇಟಲಿ ಮನಶ್ಯಾ ಜಗಲಿ ಮ್ಯಾಲಿದ್ರ ನಾನೂ ಕುಂದ್ರಂಗಿಲ್ಲ, ನನ್ನ ಹೆಂಡತಿನೂ ಕುಂದ್ರಂಗಿಲ್ಲ.”

ಖಾನಾಪುರದ ಮಳೆಗೆ ಇಟಲಿಯ ರಾಜನನ್ನು ಹೊಣೆ ಮಾಡಿದವನು ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಹಸಿ ಇಟ್ಟಿಗೆಗೆ ತಾಡಪತ್ರಿ ಹೊದಿಸುವ ಖರ್ಚು ಉಳಿಸಿದವನು ಯಾರೆಂದು ಊರಿಗೇ ಗೊತ್ತು. ಆದರೆ ನಗುವ ಹೊತ್ತಾಗಿರಲಿಲ್ಲ. ಅವನು ಪೂಜೆಗೆ ಕೂರದಿದ್ದರೆ ಮದುವೆ ಮುಂದೆ ಸಾಗದು. ಕೂರಿಸಬೇಕೆಂದರೆ ಆ ಸತ್ತ ಹುಡುಗನನ್ನು ಜಗಲಿಯಿಂದ ಇಳಿಸಬೇಕು. ಇಳಿಸಿದರೆ ಅವನು ಈ ಲೋಕದಲ್ಲಿ ಇದ್ದನೆನ್ನಲು ಗುರುತಾಗಿ ಏನೂ ಉಳಿಯುತ್ತಿರಲಿಲ್ಲ. ವೈನಿಯ ಮುಖ ನೋಡಿದರೆ ಆಕೆಗೆ ಇದೆಲ್ಲ ಒಮ್ಮೆಗೇ ಅರ್ಥವಾದಂತಿತ್ತು.

ಡಾಕ್ಟರು ಇನ್ನೂ ಬಿಲ್ಲೆಯನ್ನು ಬಿಟ್ಟಿರಲಿಲ್ಲ. ವೈನಿ ಮೆಲ್ಲಗೆ ಕೇಳಿದಳು: “ಹಿಂದಿನ ಬಾಜು ಏನೋ ಬರದಾರಲ್ರಿ ಡಾಕ್ಟರ್ರ. ಏನಂತ?”

ತಮ್ಮ ವಿದ್ಯೆಯನ್ನು ಯಾರಾದರೂ ತಾವಾಗಿ ಕೇಳಿದ್ದು ಅವರ ಜೀವನದಲ್ಲಿ ಅದೇ ಮೊದಲಿರಬೇಕು. ಮುಖ ಅರಳಿತು. “ಶತ್ರುವಿನ ಕಂಚಿನ್ಯಾಗ ಹೊಡದದ್ದು ಅಂತ ಬರದಾರ್ರಿ. ಗೆದ್ದ ಮ್ಯಾಲ ಶತ್ರುಗೋಳ ತೋಪು ಕರಗಿಸಿ, ಅದರಾಗ ಈ ಪದಕ ಮಾಡ್ಯಾರ.”

“ಅಂದ್ರ ಕಂಚು ಅವರದಲ್ಲ?”

“ಅಲ್ಲ, ಅಲ್ಲ. ಅದs ಇದರ ವಿಶೇಷ.”

“ಹಂಗಾದ್ರ ಕೇಳ್ರಿ. ಮಂದಿ ತೋಪು ಕರಗಿಸಿ ಅವರು ನಮ್ಮ ರಾಜಾ ಅಂದ್ರ ವಿಶೇಷ. ಅದನ್ನs ತೊಳದು, ಕುಂಕುಮ ಹಚ್ಚಿ, ನಮ್ಮ ಹುಡುಗ ಅಂತ ನಾವಂದ್ರ ಸುಳ್ಳೇನು?”

ಡಾಕ್ಟರು ಭೂತಗನ್ನಡಿ ಒರೆಸತೊಡಗಿದರು. ವೈನಿ ಮೈದುನನ ಕಡೆ ತಿರುಗಿದಳು. ಆಕೆಯ ದನಿ ಏರಲಿಲ್ಲ.

“ಹಡದಾಕಿ ನೋಡಿ ನನ್ನ ಮಗ ಅಂದಾಳ. ಆಕಿಗಿಂತ ಹೆಚ್ಚ ಗುರುತು ಈ ಡಾಕ್ಟರಗ ಐತೇನು? ನಿನಗ ಐತೇನು? ನಿನಗ ಇಟ್ಟ ಹೆಸರು ಯಾರದು ಹೇಳು.”

ಮೈದುನನಿಗೆ ಇಟ್ಟಿದ್ದು ಆ ವೀರನದೇ ಹೆಸರು.

“ಅವರನ್ನ ಜಗಲಿಯಿಂದ ಇಳಸೂದಾದ್ರ ಹೆಸರೂ ಇಲ್ಲೇ ಈ ತಾಟಿನ್ಯಾಗ ತಗದಿಡು. ಆಮ್ಯಾಲ ಮದುವಿ ಕಾರ್ಡಿನ್ಯಾಗ ಹುಡುಗನ ‘ಕಾಕಾ’ ಅನ್ನೂದರ ಮುಂದ ಏನ ಹೆಸರು ಛಾಪಿಸಬೇಕೋ ಪ್ರೆಸ್ಸಿನವರಿಗೆ ನಾ ಹೇಳತೇನಿ.”

ಕಾರ್ಡಿನಲ್ಲಿ ತನ್ನ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿರಬೇಕೆಂದು ಆ ಪುಣ್ಯಾತ್ಮ ಪ್ರೆಸ್ಸಿಗೆ ತಾನೇ ಹೋಗಿ ನಿಂತು ಹೇಳಿ ಬಂದಿದ್ದ. ಹಾಗೇ ಕೂತ. ಕೂತದ್ದು ಅಧ್ಯಕ್ಷರ ಹಾಗಲ್ಲ.

ಇಷ್ಟು ಹೊತ್ತೂ ಮೈದುನನ ಎದುರಿಗೇ ಕೂತಿದ್ದ ಪತ್ತಾರ, ಒಂದು ಗಲ್ಲ ಇನ್ನೂ ಬಾತಿದ್ದರಿಂದ ವಾರೆ ಬಾಯಿಂದಲೇ ಕೇಳಿದ: “ಮುಖಾ ಇದರಂಗs ಮಾಡ್ತೇನ್ರಿ. ಮೂಗು ಅಳಿಸೇತಿ, ಅದನ್ನ ನಾ ಹೊಂದಸ್ತೇನಿ. ಈ ಲೋಖಂಡದ ಟೊಪ್ಪಿಗಿ?”

“ಟೊಪ್ಪಿಗಿ ಬ್ಯಾಡಪಾ. ರುಮಾಲ ಸುತ್ತು. ಮದುವಿ ಮನ್ಯಾಗ ಟೊಪ್ಪಿಗಿ ಹಾಕ್ಕೊಂಡು ಯಾರ ಕುಂದ್ರತಾರ?”

ಹಿಂದಿರುಗುವಾಗ ಡಾಕ್ಟರು, “ಅಜ್ಞಾನ ನೋಡ್ರಿ ಸಾಹುಕಾರ್ರ, ಅಜ್ಞಾನ” ಎಂದರು. ನಾನು ಹಿಂದಿನ ಸೀಟಿಗೆ ಕೈ ಚಾಚಿ, ಅವರು ಕೊಡಲು ಮರೆತ ಕುಂದಾದ ಡಬ್ಬಿ ಬಿಚ್ಚಿ ತಿನ್ನುತ್ತ ಕೂತೆ. ಆ ಮನುಷ್ಯನ ಕೈಯಿಂದ ಅಂದು ನಡೆದ ಒಳ್ಳೆಯ ಕೆಲಸ ಅದೊಂದೇ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಹೊಸ ಟಾಕು ಸಿದ್ಧವಾಗಿ, ಹಳೆಯವನ್ನು ಬಿಡಲು ನಾವು ಹೊಳೆಗೆ ಹೋದಾಗ ಡಾಕ್ಟರು ನಮಗಿಂತ ಮುಂಚೆ ಘಾಟಿನ ಮೆಟ್ಟಿಲ ಮೇಲೆ ಕೂತಿದ್ದರು. ದವಾಖಾನೆಗೆ ಬೀಗ ಹಾಕಿ ಬಂದಿದ್ದರು. ಎಷ್ಟು ಜನ ಹಲ್ಲು ಹಿಡಿದುಕೊಂಡು ಬಾಗಿಲಿಂದ ಮರಳಿದರೋ. ವೈನಿ ತಾಟು ಕೆಳಗಿಡುತ್ತಲೇ ಬಳಿ ಬಂದು, ಕಿಸೆಯಿಂದ ಏನೋ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ಅದೇ ಪದಕ. ಅದೇ ರಾಜ, ಅದೇ ಶಿರಸ್ತ್ರಾಣ. ಇದರ ಮೂಗು ಮಾತ್ರ ಗಟ್ಟಿಯಾಗಿತ್ತು.

“ತಾಯಿ, ನನ್ನ ಹತ್ರ ಇಂಥಾವು ಇನ್ನೂ ಅದಾವ. ಇದನ್ನ ನೀರಿಗೆ ಬಿಡ್ರಿ, ಅದನ್ನ ನನಗ ಕೊಡ್ರಿ. ಎರಡೂ ಒಂದ ಅಲ್ರಿ? ಹೊಳಿಗೇನ ಗೊತ್ತಾಗತೈತಿ?”

ನನಗೆ ಮೈ ಉರಿಯಿತು. ಹೊಳೆಗೆ ಮೋಸ ಮಾಡಲು ಹೊರಟವನಿಗೆ ಏನೆನ್ನಬೇಕು? ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಆ ಪದಕವನ್ನು ತೆಗೆದುಕೊಂಡು, ಆಚೆ ಈಚೆ ಹೊರಳಿಸಿ, ಮಗುವಿನ ಕೈಗೆ ಬೆಲ್ಲ ಕೊಟ್ಟಂತೆ ಅವರ ಅಂಗೈಯಲ್ಲೇ ಇಟ್ಟು ಬೆರಳು ಮಡಚಿದಳು.

“ಎರಡೂ ಒಂದ ಅಂದ್ರ ನಿಮ್ಮದ ನಿಮ್ಮ ಹತ್ರ ಇರಲಿ ಡಾಕ್ಟರ್ರ. ಅದರಾಗ ನಿಮಗೇನ ಲುಕ್ಸಾನ ಐತಿ?”

ಆಮೇಲೆ ಮೊಸರನ್ನ, ಅರಿಶಿನ ಕುಂಕುಮ ಇಟ್ಟು ಒಂದೊಂದಾಗಿ ಬಿಟ್ಟಳು. ಬೆಳ್ಳಿ ತಗಡುಗಳು ಎಲೆಯ ಹಾಗೆ ತೂಗುತ್ತ ಇಳಿದವು. ಕಂಚಿನದು ಮಾತ್ರ ನೆಟ್ಟಗೆ ಹೋಯಿತು. ವೈನಿ ಕೈಮುಗಿದು ಮೇಲೆ ಬಂದಳು. ಡಾಕ್ಟರು ನನ್ನ ತೋಳು ಹಿಡಿದು, “ಎಲ್ಲಿ ಬಿತ್ತ್ರಿ ಅದು? ಆ ಬಂಡೆಗಲ್ಲಿನ ಹತ್ರನೋ, ಈ ಕಡೆನೋ?” ಎಂದು ಪಿಸುಗುಟ್ಟಿದರು. “ಮಲಪ್ರಭಾದಾಗ” ಎಂದು ಹೇಳಿ ತೋಳು ಬಿಡಿಸಿಕೊಂಡೆ.

ಈಗ ಅವರ ದವಾಖಾನೆಯಲ್ಲಿ ನಟ್ಟನಡುವಿನ ಪೆಟ್ಟಿಗೆಯಲ್ಲಿ ಆ ಇನ್ನೊಂದು ಪದಕವಿದೆ. ಪಾರ್ಸಲಿನಲ್ಲಿ ಬಂದದ್ದು. ಕೆಳಗೆ ಚೀಟಿ: ಖಾನಾಪುರದ ವೀರಯೋಧನ ಮನೆತನದಿಂದ. ಹಬ್ಬಕ್ಕೆ ತೊಳೆದ ಹಾಗೆ ಕಾಣಲೆಂದು ಅದರ ಮೂಗನ್ನು ಹಲ್ಲು ಸಾಣೆ ಹಿಡಿಯುವ ಯಂತ್ರದಿಂದ ತಾವೇ ಸವೆಸಿದ್ದಾರೆ. ತೊಳೆದದ್ದು ಸತ್ತಂತೆ ಎಂದವರು! ವಕೀಲರು ನಂಬಿದ್ದಾರಂತೆ. ಕಥೆಯಲ್ಲಿ ಈಗ ವೈನಿ ಕಣ್ಣೀರಿಟ್ಟು ಡಾಕ್ಟರ ಕೈಗೆ ಅದನ್ನು ಒಪ್ಪಿಸುತ್ತಾಳಂತೆ. ನಾನು ಹಲ್ಲು ತೋರಿಸಲು ಈಗ ಊರೊಳಗಿನ ಶಹಾಪುರಕ್ಕೆ ಹೋಗುತ್ತೇನೆ. ಅಲ್ಲಿಯ ಡಾಕ್ಟರ ಕೈ ಭಾರ, ನೋಯುತ್ತದೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ.

ಮದುವೆಯ ಮುನ್ನಾದಿನ ಜಗಲಿಯ ಪೂಜೆಗೆ ನಾನು ಹೋಗಿದ್ದೆ. ಮೈದುನ ರೇಷ್ಮೆ ಮಡಿಯುಟ್ಟು ಹೆಂಡತಿಯ ಸಂಗಡ ಮಣೆಯ ಮೇಲೆ ಕೂತಿದ್ದ. ದೇವರ ಟಾಕುಗಳ ಸಾಲಿನ ಕೊನೆಗೆ ಹೊಸ ವೀರ, ಬೆಳ್ಳಿಯಲ್ಲಿ ಥಳಥಳ ಹೊಳೆಯುತ್ತ. ಇಟಲಿಯ ಮೀಸೆ, ತಲೆಗೆ ಅಚ್ಚುಕಟ್ಟಾಗಿ ಸುತ್ತಿದ ರುಮಾಲು. ಮೈದುನ ತಾನೇ ಬಾಗಿ ಕುಂಕುಮ ಹಚ್ಚಿದ, ಎಡೆ ಇಟ್ಟ. ಪೂಜೆ ಮುಗಿದ ಮೇಲೆ ಬಂದ ಬೀಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಜಗಲಿಯ ಮುಂದೆ ಕರೆದು ನಿಲ್ಲಿಸಿ ಹೇಳುತ್ತಿದ್ದ: “ನಮ್ಮ ದೊಡ್ಡಪ್ಪ. ಇಟಲಿಗೆ ಹೋಗಿ ಕಾದಾಡಿದಾಂವ. ಆ ಮೂಗು ನೋಡ್ರಿ, ಅದs ನಮ್ಮ ಮನೆತನದ ಮೂಗು.”

ನಾನೂ ಬಗ್ಗಿ ನೋಡಿದೆ. ಗಿಣಿಮೂಗು. ಅಂಗಡಿಯಲ್ಲಿ ಜಗಳ ನಡೆದಷ್ಟು ಹೊತ್ತೂ ಪತ್ತಾರನ ಕಣ್ಣೆದುರಿಗೆ ಇದ್ದ ಆ ಮನೆತನದ ಮೂಗು ಇವನದೊಂದೇ ತಾನೆ? ಒಳಗಿನಿಂದ ವೈನಿ ಕೂಗಿದಳು: “ಭಾವೋಜಿ, ಎಡಿ ಹಿಡದಾತು, ಉಣ್ಣಾಕ ಬರ್ರಿ. ಜಗಲಿ ಮ್ಯಾಲಿನವರು ಉಂಡ್ರು.”